ಎರಡನೆಯ ಎಂಜಿನಿನ ಭರವಸೆ



ಎರಡು ಎಂಜಿನುಗಳುಳ್ಳ ವಿಮಾನವು ಒಂದೇ ಎಂಜಿನಿನದಕ್ಕಿಂತ ಇಮ್ಮಡಿ ಕ್ಷೇಮಕರವೆಂದು ನಾವು ಸಹಜವಾಗಿ ಭಾವಿಸುತ್ತೇವೆ. ಒಂದು ಕೆಟ್ಟರೆ ಇನ್ನೊಂದು ಉಂಟಲ್ಲವೇ? ಸಾಕಷ್ಟು ಎತ್ತರದಲ್ಲಿರುವಾಗ ಈ ಮಾತು ಬಹುಮಟ್ಟಿಗೆ ನಿಜ. ಆದರೆ ನೆಲವನ್ನು ಬಿಟ್ಟ ಮೊದಲ ಕೆಲವು ಕ್ಷಣಗಳಲ್ಲಿ ಇದೇ ನಂಬಿಕೆಯು ಪ್ರಾಣಕ್ಕೆ ಎರವಾಗಬಹುದು.

ವೈಮಾನಿಕ ವಿದ್ಯಾರ್ಥಿಗಳು ಅಭ್ಯಾಸಕ್ಕೆ ಬಳಸುವ ಪೈಪರ್ ಸೆಮಿನೋಲ್ ಎಂಬ ಅಮೆರಿಕದ ಸಣ್ಣ ವಿಮಾನವನ್ನು ನೋಡೋಣ. ಅದರ ಒಂದೊಂದು ರೆಕ್ಕೆಯಲ್ಲಿಯೂ 180 ಅಶ್ವಶಕ್ತಿಯ ಒಂದೊಂದು ಎಂಜಿನ್ ಇದೆ. ಇಂಥ ವಿಮಾನದಲ್ಲಿ ಒಂದು ಎಂಜಿನ್ ನಿಂತರೆ ಶಕ್ತಿಯಲ್ಲಿ ಅರ್ಧ ನಷ್ಟ. ಮೇಲೇರುವ ಸಾಮರ್ಥ್ಯದಲ್ಲಾದರೋ ನೂರಕ್ಕೆ 80ರಷ್ಟು, ಕೆಲವು ವೇಳೆ ಇನ್ನೂ ಹೆಚ್ಚು ನಷ್ಟ. ಶಕ್ತಿಯ ದೊಡ್ಡ ಪಾಲು ಒಂದೇ ಮಟ್ಟದಲ್ಲಿ ಹಾರುವುದಕ್ಕೇ ವೆಚ್ಚವಾಗುತ್ತದೆ, ಏರುವುದು ಮಿಕ್ಕುದರಿಂದ. ಸಂಬಳ ಅರ್ಧಕ್ಕಿಳಿದ ಸಂಸಾರಿಗೆ ಉಳಿತಾಯವು ಅರ್ಧಕ್ಕೆ ಇಳಿಯುವುದಿಲ್ಲ, ಹೆಚ್ಚುಕಡಮೆ ಇಲ್ಲವೇ ಆಗುತ್ತದೆ.

ಇನ್ನೊಂದು ತೊಡಕೂ ಉಂಟು. ಜೋಡಿ ಗಾಡಿಯಲ್ಲಿ ಒಂದು ಎತ್ತು ಮುಗ್ಗರಿಸಿದರೆ ಮತ್ತೊಂದು ಗಾಡಿಯನ್ನು ಓರೆಗೆಳೆಯುವಂತೆ, ಜೀವಂತ ಎಂಜಿನ್ ವಿಮಾನವನ್ನು ಸತ್ತ ಎಂಜಿನಿನ ಕಡೆಗೆ ತಿರುಗಿಸುತ್ತದೆ. ಇದನ್ನು ತಡೆಯತಕ್ಕದ್ದು ಬಾಲದ ಚುಕ್ಕಾಣಿ. ಚುಕ್ಕಾಣಿಗೆ ಬಲ ಬರುವುದು ಹರಿದುಹೋಗುವ ಗಾಳಿಯಿಂದ. ಆದ್ದರಿಂದ ವೇಗಮಾಪಕದ ಮೇಲೆ ಒಂದು ಕೆಂಪು ಗೆರೆ ಇರುತ್ತದೆ. ಸೆಮಿನೋಲಿನಲ್ಲಿ ಅದು 56 ನಾಟ್, ಎಂದರೆ ಗಂಟೆಗೆ ಸುಮಾರು 64 ಮೈಲಿ. ವೇಗವು ಅದಕ್ಕಿಂತ ಕುಗ್ಗಿದರೆ, ಇನ್ನೊಂದು ಎಂಜಿನ್ ಪೂರ್ಣ ಬಲದಿಂದ ಎಳೆಯುತ್ತಿರುವಾಗ, ವಿಮಾನವು ಹೊರಳಿ ಮಗುಚಿಕೊಳ್ಳಬಹುದು. 88 ನಾಟಿನಲ್ಲಿ ನೀಲಿ ಗೆರೆ. ಒಂಟಿ ಎಂಜಿನ್ ಏರಿಸಬಲ್ಲಷ್ಟನ್ನು ಏರಿಸುವುದು ಆ ವೇಗದಲ್ಲಿ.

ಹಾಗಾದರೆ ಚಾಲಕನ ಕರ್ತವ್ಯವೇನು? ಎದುರಿಗೆ ಇನ್ನೂ ಓಡುದಾರಿ ಉಳಿದಿದ್ದರೆ ಎರಡು ಎಂಜಿನುಗಳ ಶಕ್ತಿಯನ್ನೂ ತಗ್ಗಿಸಿ ನೇರವಾಗಿ ಇಳಿಯಬೇಕು. ಅದು ಮುಗಿದಿದ್ದು, ವಿಮಾನಕ್ಕೆ ಏರುವ ಶಕ್ತಿಯಿದ್ದರೆ, ಮೂತಿಯನ್ನು ತಗ್ಗಿಸಿ ವೇಗವನ್ನು ಕಾಯ್ದುಕೊಂಡು, ಕಾಲಿನಿಂದ ಚುಕ್ಕಾಣಿಯನ್ನು ಒತ್ತಿ ನೇರವಾಗಿ ಹಾರಬೇಕು. ಒತ್ತಬೇಕಾಗಿಲ್ಲದ ಕಾಲಿನ ಕಡೆಯದೇ ಸತ್ತ ಎಂಜಿನ್. ಅದನ್ನು ಖಚಿತಪಡಿಸಿಕೊಂಡು, ಅದರ ಪ್ರೊಪೆಲ್ಲರಿನ ಅಲಗುಗಳು ಗಾಳಿಗೆ ಅಂಚುಗೊಡುವಂತೆ ತಿರುಗಿಸಬೇಕು. ವೇಗವೂ ಎತ್ತರವೂ ಕೈಕೊಡುತ್ತಿದ್ದರೆ, ಒಳ್ಳೆಯ ಎಂಜಿನಿನ ಬಲವನ್ನೂ ತೆಗೆದು ಎದುರಿನ ನೆಲಕ್ಕೇ ಇಳಿಯಬೇಕು.

ನಡೆಯುತ್ತಿರುವ ಎಂಜಿನನ್ನು ತನ್ನ ಕೈಯಿಂದಲೇ ನಿಲ್ಲಿಸುವುದಕ್ಕೆ ಯಾರ ಮನಸ್ಸು ತಾನೇ ಒಪ್ಪೀತು? ಆದುದರಿಂದಲೇ ಒಳ್ಳೆಯ ಶಿಕ್ಷಕರು, ಹೊರಡುವ ಮೊದಲೇ, ಎಲ್ಲಿಯವರೆಗೆ ಕೆಟ್ಟರೆ ಇಳಿಯುವೆನು, ಎಲ್ಲಿಂದ ಮುಂದೆ ಹಾರುವೆನು ಎಂಬುದನ್ನು ಶಿಷ್ಯನ ಬಾಯಿಂದ ಗಟ್ಟಿಯಾಗಿ ಹೇಳಿಸುತ್ತಾರೆ. ಗಾಳಿಯಲ್ಲಿ ವಿಚಾರಕ್ಕೆ ವೇಳೆಯಿಲ್ಲ; ನೆಲದ ಮೇಲೆ ಮಾಡಿದ ನಿರ್ಧಾರವೇ ಅಲ್ಲಿ ಕೈಹಿಡಿಯುವುದು.