ಜೋಳಕ್ಕೆ ಇಂಗ್ಲಿಷಿನಲ್ಲಿ ಹೆಸರೇನು?

(ಬೀದರಿನ ಗಾಂಧಿ ಗಂಜದಲ್ಲಿ ಜರುಗಿದ ತಾಯಂದಿರ ಸಭೆಯಲ್ಲಿ ವೈದ್ಯಾಧಿಕಾರಿಯೊಬ್ಬರು ಮಾಡಿದ ಭಾಷಣ)



ಧಾನ್ಯದ ಪೇಟೆಯಲ್ಲಿ ನಿಂತು ಧಾನ್ಯವನ್ನು ಕುರಿತು ಮಾತನಾಡಲು ವೈದ್ಯನಾದವನಿಗೆ ಅಳುಕು ಸಹಜ. ಜೋಳ, ತೊಗರಿ, ಉದ್ದುಗಳ ಗುಣವನ್ನು ಅಂಗೈಯಲ್ಲಿ ಹಿಡಿದೇ ಹೇಳಬಲ್ಲವರು ತಾವು. ಆದರೂ ಒಂದು ಹೆಸರಿನಿಂದಾದ ತಪ್ಪನ್ನು, ಅದೂ ನನ್ನದೇ ತಪ್ಪನ್ನು, ತಮ್ಮ ಮುಂದಿಡಬೇಕಾಗಿದೆ.

ನಾನು ರಾಗಿಯ ಸೀಮೆಯವನು. ನಮ್ಮ ಪೇಟೆಗಳಲ್ಲಿ ಕೆಂಡದ ಮೇಲೆ ಸುಟ್ಟು ಮಾರುವ ಮೆಕ್ಕೆಜೋಳದ ತೆನೆಯನ್ನೇ ಜೋಳವೆನ್ನುವುದುಂಟು. ಈ ಜಿಲ್ಲೆಗೆ ಬಂದ ಹೊಸತರಲ್ಲಿ ಎಂಟು ತಿಂಗಳ ಮಗುವೊಂದಕ್ಕೆ ಜೋಳದ ಹಿಟ್ಟಿನ ಗಂಜಿಯನ್ನು ಸೂಚಿಸುವಾಗ ಚೀಟಿಯಲ್ಲಿ ಇಂಗ್ಲಿಷಿನಿಂದ ‘ಕಾರ್ನ್ ಫ್ಲೋರ್’ ಎಂದು ಬರೆದೆನು. ತಿಂಗಳು ಕಳೆದರೂ ಮಗುವಿನ ತೂಕ ಏರಲಿಲ್ಲ. ಹಿಟ್ಟನ್ನು ತರಿಸಿ ನೋಡಿದರೆ ಸುಣ್ಣದಂತೆ ಬೆಳ್ಳಗಿನ ನುಣುಪು ಪುಡಿ! “ನೀವು ಬರದದ್ದೇ ತಂದೀನ್ರಿ ಸಾಹೇಬ್ರ” ಎಂದರು ಆ ತಾಯಿ. ಅವರ ಮನೆಯಲ್ಲಿ ಬಿಳಿಜೋಳದ ಚೀಲವೇ ಇದ್ದಿತು. ಅದನ್ನು ಬಿಟ್ಟು, ಡಾಕ್ಟರರ ಮಾತೆಂದು, ದುಡ್ಡು ತೆತ್ತು ಆ ಪೊಟ್ಟಣವನ್ನು ತಂದಿದ್ದರು.

ಕಾರ್ನ್ ಫ್ಲೋರ್ ಎಂಬುದು ಮೆಕ್ಕೆಜೋಳದ ಹೊಟ್ಟು, ಮೊಳಕೆಯ ಭಾಗ, ಸಸಾರಜನಕ ಎಲ್ಲವನ್ನೂ ತೆಗೆದು ಉಳಿಸಿಕೊಂಡ ಬರಿಯ ಪಿಷ್ಟ. 100 ಗ್ರಾಂ ಬಿಳಿಜೋಳದಲ್ಲಿ ಸುಮಾರು 10 ಗ್ರಾಂ ಸಸಾರಜನಕವಿದ್ದರೆ, ಇದರಲ್ಲಿ ಅರ್ಧ ಗ್ರಾಮೂ ಇರುವುದಿಲ್ಲ. ಹೊಟ್ಟೆ ತುಂಬೀತು, ಮಗು ಬೆಳೆಯದು.

ಇಂಗ್ಲಿಷಿನ ‘ಕಾರ್ನ್’ ಒಂದೇ ಧಾನ್ಯದ ಹೆಸರೂ ಅಲ್ಲ. ಆಯಾ ಸೀಮೆಯ ಮುಖ್ಯ ಧಾನ್ಯಕ್ಕೆ ಆ ಹೆಸರು: ಇಂಗ್ಲೆಂಡಿನಲ್ಲಿ ಗೋಧಿಗೆ, ಸ್ಕಾಟ್ಲೆಂಡಿನಲ್ಲಿ ಓಟ್ಸಿಗೆ, ಅಮೆರಿಕದಲ್ಲಿ ಮೆಕ್ಕೆಜೋಳಕ್ಕೆ. (ಕಾಲಿನ ಆಣಿಗೂ ನಾವು ವೈದ್ಯರು ಕಾರ್ನ್ ಎಂದೇ ಬರೆಯುತ್ತೇವೆ, ಅದು ಕೊಂಬು ಎಂಬರ್ಥದ ಲ್ಯಾಟಿನ್ ಮೂಲದಿಂದ ಬಂದ ಬೇರೆಯೇ ಶಬ್ದ.) ತಮ್ಮ ರೊಟ್ಟಿಯ ಜೋಳಕ್ಕೆ ಇಂಗ್ಲಿಷಿನಲ್ಲಿ ಸೋರ್ಗಮ್ ಎಂದು ಹೆಸರು, ಹಿಂದಿ, ಉರ್ದು ಮಾತನಾಡುವವರಿಗೆ ಅದು ಜ್ವಾರ್. ಅದರ ತವರು ಆಫ್ರಿಕ. ಮೆಕ್ಕೆಜೋಳದ ತವರು ಅಮೆರಿಕ. ಕೊಲಂಬಸನು 1492ರಲ್ಲಿ ಅಲ್ಲಿಗೆ ಹೋಗಿಬಂದ ತರುವಾಯವೇ ಅದು ಉಳಿದ ದೇಶಗಳಿಗೆ ಹರಡಿತು.

ಇನ್ನು ಮಗುವಿನ ಮಾತು. ಆರು ತಿಂಗಳು ತುಂಬುವವರೆಗೆ ತಾಯಿಯ ಹಾಲೊಂದೇ ಸಾಕು. ಆಮೇಲೆ ಎದೆಹಾಲನ್ನು ಬಿಡಿಸದೆ ಮೇಲಾಹಾರವನ್ನು ಆರಂಭಿಸತಕ್ಕದ್ದು. ಮೂರು ಪಾಲು ಬಿಳಿಜೋಳ, ಒಂದು ಪಾಲು ಹೆಸರುಬೇಳೆ ಇವನ್ನು ಬೇರೆ ಬೇರೆಯಾಗಿ ಹುರಿದು ಕೂಡಿಸಿ ಬೀಸಿಡಿ. ಜೋಳದಲ್ಲಿ ಕೊರತೆಯಾಗಿರುವ ಲೈಸಿನ್ ಎಂಬ ಅಂಶವನ್ನು ಬೇಳೆ ತುಂಬಿಕೊಡುತ್ತದೆ. ಗಂಜಿಯನ್ನು ಚಮಚದಿಂದ ಜಾರದಷ್ಟು ಗಟ್ಟಿಯಾಗಿ ಬೇಯಿಸಿ, ಒಂದು ಚಮಚ ಎಣ್ಣೆ ಇಲ್ಲವೆ ತುಪ್ಪ ಬೆರೆಸಿ ಉಣಿಸಿರಿ. ನೀರುಗಂಜಿಯಿಂದ ಪ್ರಯೋಜನವಿಲ್ಲ.

ಆ ಮಗುವಿಗೂ ಇದನ್ನೇ ಕೊಡಿಸಿದೆವು. ಮುಂದಿನ ತಿಂಗಳಿನಿಂದ ತೂಕ ಏರತೊಡಗಿತು. ಅಂದಿನಿಂದ ನಾನು ಚೀಟಿಯಲ್ಲಿ ‘ಬಿಳಿಜೋಳ’ ಎಂದು ಕನ್ನಡದಲ್ಲಿಯೇ ಬರೆಯುತ್ತಿದ್ದೇನೆ. ವರ್ತಕ ಬಂಧುಗಳಲ್ಲಿ ಒಂದು ವಿನಂತಿ: ಕೂಸಿನ ಗಂಜಿಗೆಂದು ಯಾರಾದರೂ ಕಾರ್ನ್ ಫ್ಲೋರ್ ಕೇಳಿದರೆ, ಪೊಟ್ಟಣ ಕೊಡುವ ಮೊದಲು, “ಯಾವ ಜೋಳ, ತಾಯಿ?” ಎಂದು ಒಮ್ಮೆ ಕೇಳಿರಿ.