ಪ್ರಾಥಮಿಕ ಶಾಲೆಯ ಒಂದು ವರುಷ: ತಾಯಿತಂದೆಗಳು ನಿರೀಕ್ಷಿಸತಕ್ಕದ್ದೇನು?



ಶ್ರೀಮಠದ ಈ ಮಹೋತ್ಸವದಲ್ಲಿ ಷಟ್‌ಸ್ಥಲ, ಅಷ್ಟಾವರಣಗಳನ್ನು ಕುರಿತು ಮಾತಾಡಬಲ್ಲ ವಿದ್ವಾಂಸರು ಅನೇಕರಿರುವರು. ಆದರೆ ಇಲ್ಲಿ ನೆರೆದ ಭಕ್ತರಲ್ಲಿ ಬಹುಜನರು ರೋಣ, ನರಗುಂದ, ಗಜೇಂದ್ರಗಡ ತಾಲೂಕುಗಳ ಒಕ್ಕಲಿಗರೂ ನೇಕಾರರೂ ಕೂಲಿಕಾರರೂ ಆಗಿದ್ದು, ಅವರ ಮನೆಗಳಲ್ಲಿ ಶಾಲೆಗೆ ಹೋಗುವ ಕೂಸುಗಳಿರುವುದರಿಂದ, ಆ ಕೂಸುಗಳ ಒಂದು ವರುಷವೇ ಇಂದಿನ ಉಪನ್ಯಾಸದ ವಿಷಯವಾಗಿರುವುದು. ಮಠಕ್ಕೆ ಇದು ಹೊರಗಿನ ವಿಷಯವಲ್ಲ. ಸರಕಾರದ ಕನ್ನಡ ಶಾಲೆಗಳು ಈ ಸೀಮೆಯಲ್ಲಿ ಹುಟ್ಟುವ ಮೊದಲು ಊರ ಅಯ್ಯನವರು ಪಡಸಾಲೆಯಲ್ಲಿ ಮರಳು ಹರವಿ, ಮಗುವಿನ ಬೆರಳು ಹಿಡಿದು ಓನಾಮ ತಿದ್ದಿಸುತ್ತಿದ್ದರು. ಆ ಗಾಂವಠಿ ಶಾಲೆಯಲ್ಲಿ ವರುಷವೆಂಬ ಲೆಕ್ಕವೇ ಇರಲಿಲ್ಲ. ಒಬ್ಬನಿಗೆ ಆರು ತಿಂಗಳಿಗೆ ಬಂದ ವಿದ್ಯೆ ಇನ್ನೊಬ್ಬನಿಗೆ ಎರಡು ವರುಷಕ್ಕೆ ಬಂದರೂ ಯಾರೂ ಬೆದರುತ್ತಿರಲಿಲ್ಲ.

ಈಗಲಾದರೋ ಬೆದರಿಕೆ ಬೇಗನೆ ಹುಟ್ಟುವುದು. ಜೂನ್ ತಿಂಗಳಲ್ಲಿ ಮಗುವನ್ನು ಒಂದನೆಯ ಇಯತ್ತೆಗೆ ಸೇರಿಸಿದ ತಂದೆಯು ಗಣೇಶ ಚೌತಿಯ ಹೊತ್ತಿಗೆ ಅದನ್ನು ಮುಂದೆ ನಿಲ್ಲಿಸಿಕೊಂಡು “ಅ ಆ ಇ ಈ ಅನ್ನು” ಎನ್ನುತ್ತಾನೆ. ಮಗುವು ತಡವರಿಸುತ್ತದೆ. “ಮೂರು ತಿಂಗಳಾದರೂ ಮಾಸ್ತರರು ಏನೂ ಕಲಿಸಲಿಲ್ಲ” ಎಂಬ ಮಾತು ಕಟ್ಟೆಯ ಮೇಲೆ ಹರಡುತ್ತದೆ. ಇದು ಶಿಕ್ಷಕರಿಗೆ ಅನ್ಯಾಯವಾದ ಮಾತು. ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ 1995ರ ಸುಮಾರಿಗೆ ಆರಂಭವಾಗಿ, 2009-10ರಿಂದ ರಾಜ್ಯದ ಸರಕಾರಿ ಶಾಲೆಗಳಿಗೆಲ್ಲ ಹರಡಿದ ನಲಿ-ಕಲಿ ಪದ್ಧತಿಯಲ್ಲಿ ಅಕ್ಷರಗಳ ಕ್ರಮವೇ ಬೇರೆ. ಅಲ್ಲಿ ಮೊದಲು ಬರುವವು ರ, ಗ, ಸ, ದ, ಅ. ಅವುಗಳ ಹಿಂದೆ ಜ, ವ, ಮ, ಬ, ನ. ಮೊದಲಿನ ಐದರಿಂದಲೇ ಮಗುವು ಸರ, ಅರಸ, ಅಗಸ, ಗರಗಸ ಎಂದು ಅರ್ಥವುಳ್ಳ ಪದಗಳನ್ನು ಓದಬಲ್ಲುದು. ಸ್ವರಗಳ ಸಾಲನ್ನು ಗಿಳಿಯಂತೆ ಒಪ್ಪಿಸಿದ ಕೂಸಿಗೆ ಒಂದು ಪದವೂ ಕೈವಶವಾಗಿರುವುದಿಲ್ಲ. ಆದ್ದರಿಂದ ತಂದೆಯು “ಅ ಆ” ಎಂದು ಕೇಳದೆ, “ಅರಸ ಎಂದು ಬರೆ” ಎಂದು ಕೇಳಿದರೆ ಶಾಲೆಯಲ್ಲಿ ನಡೆದುದು ಅವನ ಕಣ್ಣಿಗೆ ಬೀಳುವುದು. ಹಳೆಯ ಕ್ರಮವು ಕೆಟ್ಟದೆಂದು ಇದರ ಅರ್ಥವಲ್ಲ. ವರ್ಣಮಾಲೆಯ ಶಾಸ್ತ್ರಕ್ರಮವು ವ್ಯಾಕರಣಕ್ಕೆ ಬೇಕೇ ಬೇಕು. ಆದರೆ ಅದು ಎರಡನೆಯ ಹೆಜ್ಜೆಯಾದರೆ ನಷ್ಟವೇನೂ ಇಲ್ಲ.

ಮೊದಲನೆಯ ವರುಷದಲ್ಲಿಯೇ ಮಗುವು ಪುಸ್ತಕವನ್ನು ಸರಾಗವಾಗಿ ಓದಬೇಕೆಂಬ ಬಯಕೆ ಸಹಜವಾದುದಾದರೂ ಯೋಗ್ಯವಾದುದಲ್ಲ. ಕನ್ನಡದ 34 ವ್ಯಂಜನಗಳಿಗೆ 13 ಸ್ವರಗಳು ಕೂಡಿದರೆ 442 ರೂಪಗಳಾಗುವವು. ಅದರ ಮೇಲೆ ಒತ್ತಕ್ಷರಗಳು ಬೇರೆ. ಇದು ಆರು ವರುಷದ ಕೂಸು ಒಂದೇ ವರುಷದಲ್ಲಿ ಮುಗಿಸತಕ್ಕ ಕಾರ್ಯವಲ್ಲ. ಓದುಬಾರದ ತಾಯಿಯೂ ಮಾಡಬಹುದಾದ ಒಂದು ಪರೀಕ್ಷೆಯುಂಟು. ಮಗುವನ್ನು ಬಸ್ಸಿನ ನಿಲ್ದಾಣಕ್ಕೆ ಕರೆದೊಯ್ದು ಫಲಕಗಳನ್ನು ಓದಿಸಬೇಕು. ಯಾವ ಬಸ್ಸು ಎಲ್ಲಿಯದೆಂಬುದು ಆಕೆಗೆ ಹೇಗೂ ಗೊತ್ತಿರುತ್ತದೆ. “ನರಗುಂದ” ಎಂಬಲ್ಲಿ ನ, ರ, ಗ, ದ ನಾಲ್ಕೂ ಮೊದಲ ಎರಡು ಗುಂಪಿನ ಅಕ್ಷರಗಳೇ. ಒಂದು ಕೊಂಬು, ಒಂದು ಸೊನ್ನೆ ಮಾತ್ರ ಹೆಚ್ಚಿನವು. “ರೋಣ” ಎಂಬುದು ನೋಡಲು ಎರಡೇ ಅಕ್ಷರವಾದರೂ ಓತ್ವವನ್ನೂ ಣಕಾರವನ್ನೂ ಬೇಡುವುದರಿಂದ ಕೂಸಿಗೆ ಅದಕ್ಕಿಂತ ಕಠಿಣ. “ಗಜೇಂದ್ರಗಡ” ಎಂಬಲ್ಲಿ ಏತ್ವ, ಸೊನ್ನೆ, ಒತ್ತಕ್ಷರಗಳು ಒಂದರ ಮೇಲೊಂದು ಬರುವವು. ಒಂದನೆಯ ಇಯತ್ತೆಯ ಕೊನೆಗೆ ನರಗುಂದವನ್ನು ಕೂಡಿಸಿಕೊಂಡು ಓದಿದರೆ ಸಂತೋಷಪಡಬೇಕು. ಗಜೇಂದ್ರಗಡದಲ್ಲಿ ಎಡವಿದರೆ ಬಯ್ಯಬಾರದು. ಮೂರನೆಯ ಇಯತ್ತೆ ಮುಗಿದರೂ ಎಡವುತ್ತಿದ್ದರೆ ಮಾತ್ರ ತಂದೆಯು ಮರುದಿನವೇ ಶಾಲೆಗೆ ಹೋಗಿ ಗುರುಗಳನ್ನು ಕಾಣಬೇಕು. ನಾಲ್ಕನೆಯ ಇಯತ್ತೆಯಿಂದ ಪರಿಸರವೂ ಗಣಿತದ ವಾಕ್ಯಲೆಕ್ಕವೂ ಓದಿನ ಮೂಲಕವೇ ಬರುವುದರಿಂದ, ಓದು ಬಾರದ ಮಗುವು ಅಲ್ಲಿಂದ ಮುಂದೆ ಎಲ್ಲ ವಿಷಯಗಳಲ್ಲಿಯೂ ಮೂಕವಾಗುವುದು.

ಲೆಕ್ಕದ ವಿಷಯದಲ್ಲಿ ಹಿರಿಯರು ಮಗ್ಗಿಯನ್ನೇ ಕೇಳುವರು. ಮಗ್ಗಿ ಬೇಕು, ಆದರೆ ಹತ್ತು ರೂಪಾಯಿ ಕೊಟ್ಟು ಏಳು ರೂಪಾಯಿಯ ಬೆಲ್ಲ ತಂದರೆ ಉಳಿದುದೆಷ್ಟೆಂದು ಕೇಳುವುದು ಇನ್ನೂ ಒಳ್ಳೆಯದು. ಇಂಗ್ಲಿಷಿನ ನಾಲ್ಕು ಪದ್ಯಗಳನ್ನು ಅರ್ಥವಿಲ್ಲದೆ ಒಪ್ಪಿಸಿದ ಮಗುವೇ ಜಾಣನೆಂಬ ಭ್ರಮೆಯನ್ನು ಕುರಿತು ಇಲ್ಲಿ ಹೆಚ್ಚು ಹೇಳಬೇಕಾಗಿಲ್ಲ.

ಇನ್ನು ಮುಖ್ಯ ಸಂಗತಿ. 2009ರ ಶಿಕ್ಷಣಹಕ್ಕಿನ ಕಾಯಿದೆಯು ಐದನೆಯ ಇಯತ್ತೆಯವರೆಗೆ ವರುಷಕ್ಕೆ 200 ದಿನ, 800 ಗಂಟೆಗಳ ಪಾಠವನ್ನು ವಿಧಿಸಿರುವುದು. ದಿನಕ್ಕೆ ನಾಲ್ಕು ಗಂಟೆಯಾಯಿತು. ಶಾಲೆಯ ವರುಷವೆಂದರೆ ಇಷ್ಟೇ. ಇದರಲ್ಲಿ ವಾರದ ಸಂತೆಗೆಂದು ಒಂದೊಂದು ದಿನ ಬಿಡಿಸಿದರೆ ಆರರಲ್ಲಿ ಒಂದು ಪಾಲು ಹೋಯಿತು. ಶ್ರಾವಣ ಭಾದ್ರಪದಗಳಲ್ಲಿ ಹೆಸರು ಬಿಡಿಸುವುದಕ್ಕೆ, ಮುಂದೆ ಹತ್ತಿ ಬಿಡಿಸುವುದಕ್ಕೆ, ಚಿಕ್ಕ ಕೂಸನ್ನು ಆಡಿಸುವುದಕ್ಕೆ ದೊಡ್ಡ ಹುಡುಗಿಯನ್ನು ನಿಲ್ಲಿಸುವುದಕ್ಕೆ ಇನ್ನಷ್ಟು ಹೋಗುವುದು. ಹುಡುಗಿಯ ದಿನಗಳೇ ಹೆಚ್ಚು ಹೋಗುವವೆಂಬುದನ್ನು ಎಲ್ಲರೂ ಬಲ್ಲರು, ಹೇಳುವವರು ಕಡಿಮೆ. ಶಾಲೆ ತಪ್ಪಿದರೆ ಏನಾಗುವುದೆಂಬುದನ್ನು ಕಾಲವೇ ತೋರಿಸಿತು. 2020ರ ಮಾರ್ಚದಿಂದ ಮುಚ್ಚಿದ್ದ ಒಂದರಿಂದ ಐದನೆಯ ತರಗತಿಗಳು 2021ರ ಅಕ್ಟೋಬರ 25ಕ್ಕೆ ತೆರೆದವು. ಆ ಹಾನಿಯನ್ನು ತುಂಬುವುದಕ್ಕೆಂದು ಸರಕಾರವು 2022-23ನೆಯ ವರುಷವಿಡೀ ಕಲಿಕಾ ಚೇತರಿಕೆಯೆಂಬ ಕಾರ್ಯಕ್ರಮವನ್ನು ನಡೆಯಿಸಬೇಕಾಯಿತು. ಅದು ಎಲ್ಲ ಮಕ್ಕಳ ನಷ್ಟವಾಗಿದ್ದರಿಂದ ಎಲ್ಲರೂ ಕಂಡರು. ಒಂದೇ ಮಗುವಿನ ನಷ್ಟವನ್ನು ಯಾರು ಕಾಣುವರು?

ಮಲಪ್ರಭೆಯ ಕಾಲುವೆಯ ನೀರು ತಲುಪುವ ನರಗುಂದದ ಹೊಲಗಳಿಗೂ, ಮಳೆಯನ್ನೇ ನೆಚ್ಚಿದ ರೋಣ, ಗಜೇಂದ್ರಗಡಗಳ ಎರೆ ಮಸಬುಗಳಿಗೂ ಅಂತರವುಂಟು. ಮಳೆ ಕೈಕೊಟ್ಟ ವರುಷ ಅಲ್ಲಿಯ ತಾಂಡಾಗಳಿಂದಲೂ ಹಳ್ಳಿಗಳಿಂದಲೂ ಕುಟುಂಬಗಳು ಗೋವೆಗೋ ಮಂಗಳೂರಿಗೋ ದುಡಿಯಲು ಹೊರಡುವವು. ಹಸಿದ ಮನೆಗೆ “ಹೋಗಬೇಡಿರಿ” ಎಂದು ಉಪದೇಶಿಸುವುದು ಮಠದ ಧರ್ಮವಲ್ಲ. ಆದರೆ ದಸರೆಯ ಸೂಟಿಯಲ್ಲಿ ಹೊರಟು ಯುಗಾದಿಗೆ ಮರಳಿದ ಕೂಸು ಅರ್ಧಕ್ಕಿಂತ ಹೆಚ್ಚು ವರುಷವನ್ನು ಕಳೆದುಕೊಂಡಿರುತ್ತದೆ; ಗೋವೆಯ ಸರಕಾರಿ ಪ್ರಾಥಮಿಕ ಶಾಲೆಗಳಲ್ಲಿ ಬಹುತೇಕ ಮರಾಠಿ, ಕೊಂಕಣಿಗಳೇ ನಡೆಯುವುದರಿಂದ ಅಲ್ಲಿ ಸೇರಿಸಿದರೂ ಓದಿನ ದಾರ ಕಡಿಯುವುದು. ಅಜ್ಜ ಅಜ್ಜಿ ಊರಲ್ಲಿದ್ದರೆ ಮಗುವನ್ನು ಅವರಲ್ಲಿ ಬಿಟ್ಟು ಹೋಗುವುದು ಲೇಸು. ಮಧ್ಯಾಹ್ನದ ಊಟದ ಚಿಂತೆ ಅವರಿಗಿಲ್ಲ: 2002ರಲ್ಲಿ ಈಶಾನ್ಯದ ಏಳು ಜಿಲ್ಲೆಗಳಲ್ಲಿ ಆರಂಭವಾಗಿ ಮರುವರುಷ ಉಳಿದ ಜಿಲ್ಲೆಗಳಿಗೂ ಬಂದ ಅಕ್ಷರ ದಾಸೋಹವು ಶಾಲೆಯಲ್ಲಿಯೇ ಉಣಬಡಿಸುವುದು. ಆ ಯೋಜನೆಗೆ ಸರಕಾರವು ಶರಣರ ಪದವನ್ನೇ ಆಯ್ದುಕೊಂಡುದನ್ನು ಇಲ್ಲಿ ಸ್ಮರಿಸಿದರೆ ಅಪ್ರಸ್ತುತವಾಗದು.

ಕೂಸನ್ನು ಒಯ್ಯಲೇಬೇಕಾದರೆ, ಹೊರಡುವ ಮೊದಲು ಶಾಲೆಯಲ್ಲಿ ವರ್ಗಾವಣೆ ಪತ್ರವನ್ನು ಕೇಳಿ ಪಡೆಯಬೇಕು. ಮುಖ್ಯಗುರುಗಳು ಅದನ್ನು ತಡವಿಲ್ಲದೆ ಕೊಡತಕ್ಕದ್ದೆಂದೂ, ಪತ್ರವು ತಡವಾಯಿತೆಂಬ ನೆವದಿಂದ ಹೋದ ಊರಿನ ಶಾಲೆಯು ಮಗುವನ್ನು ತಿರುಗಿಸಬಾರದೆಂದೂ ಅದೇ ಕಾಯಿದೆಯಲ್ಲಿರುವುದು. ನಡುವರುಷದಲ್ಲಿ ಬಂದರೂ ಸೇರಿಸಿಕೊಳ್ಳಲೇಬೇಕು. ಮರಳಿ ಬಂದ ದಿನವೂ ಹಾಗೆಯೇ. “ಇನ್ನು ಎರಡು ತಿಂಗಳಿಗೆ ಸೂಟಿ, ಜೂನಿಗೆ ಕಳಿಸಿದರಾಯಿತು” ಎಂದು ಮನೆಯಲ್ಲಿ ಕೂಡಿಸಿಕೊಳ್ಳದೆ, ಮರುದಿನ ಮುಂಜಾನೆಯೇ ಕೈಹಿಡಿದು ಕರೆದುಕೊಂಡು ಹೋಗಿ ಗುರುಗಳ ಎದುರಿಗೆ ನಿಲ್ಲಿಸಿ, ಎಷ್ಟು ದಿನ ತಪ್ಪಿತೆಂಬುದನ್ನು ಮುಚ್ಚದೆ ಹೇಳಿ, ಎಲ್ಲಿಂದ ಹಿಡಿಯಬೇಕೆಂದು ಕೇಳಿಕೊಂಡು ಬರಬೇಕು.