ಹಳೆಯ ಹಾಯಿದೋಣಿ

ಮೈಸೂರಿನಲ್ಲಿ ಹುಟ್ಟಿ ಬೆಳೆದ ನಮ್ಮಂಥವರಿಗೆ ದೋಣಿಯೆಂದರೆ ಕಾರಂಜಿ ಕೆರೆಯ ವಿಹಾರದ ದೋಣಿ. ಹಣ ಕೊಟ್ಟು ಹತ್ತಿ, ಕಾಲಿನಿಂದ ತುಳಿದು, ಅರ್ಧ ಗಂಟೆಯ ಮೇಲೆ ಇಳಿದು ಬರತಕ್ಕ ವಸ್ತು. ಅಂಥವರು ಒಂದು ಹಳೆಯ ಹಾಯಿದೋಣಿಯ ಜೀರ್ಣೋದ್ಧಾರಕ್ಕೆ ಹೊರಟ ವೃತ್ತಾಂತದಲ್ಲಿ ಶ್ರೋತೃಗಳಿಗೆ ನಗಲು ಬೇಕಾದಷ್ಟು ಅವಕಾಶವುಂಟು. ಧಾರಾಳವಾಗಿ ನಗಬಹುದು. ಮನೆಯಲ್ಲಿ ನಾವೂ ನಕ್ಕಿದ್ದೇವೆ, ನಡುವಣ ಒಂದು ವರ್ಷವನ್ನು ಬಿಟ್ಟು.

ದೋಣಿ ಇದ್ದುದು ಹೊನ್ನಾವರದ ಸಮೀಪ, ಶರಾವತಿಯ ದಡದಲ್ಲಿರುವ ನಮ್ಮ ಮಾವನವರ ತೋಟದಲ್ಲಿ. ಉದ್ದ 18 ಅಡಿ, ನಡುವಿನ ಅಗಲ 5 ಅಡಿ. ಹಲಗೆ ಹೆಬ್ಬಲಸಿನದು, ಕೂವೆಕಂಬ ಸುರಹೊನ್ನೆಯದು. ಮಾವನವರ ತಂದೆಯ ಕಾಲದಲ್ಲಿ ಅದು ತೆಂಗಿನಕಾಯಿಯನ್ನೂ ಉಪ್ಪನ್ನೂ ಹೊತ್ತು ಗೇರುಸೊಪ್ಪೆಯವರೆಗೆ ಹೋಗಿಬರುತ್ತಿತ್ತಂತೆ. ಹೊಳೆಯ ಮೇಲೆ ಅದು ಸುಮಾರು 30 ಕಿಲೋಮೀಟರಿನ ದಾರಿ. ಆ ದಾರಿಯಲ್ಲಿ ಹಾಯಿ ಕಟ್ಟುವುದು ವಿಲಾಸವಾಗಿರಲಿಲ್ಲ, ಲೆಕ್ಕಾಚಾರವಾಗಿತ್ತು. ಹಗಲು ನೆಲವು ಕಡಲಿಗಿಂತ ಬೇಗ ಕಾಯುವುದರಿಂದ ಮಧ್ಯಾಹ್ನದ ಹೊತ್ತಿಗೆ ಗಾಳಿ ಸಮುದ್ರದ ಕಡೆಯಿಂದ ಒಳನಾಡಿಗೆ ಬೀಸುತ್ತದೆ. ರಾತ್ರಿ ನೆಲವು ಬೇಗ ತಣಿಯುವುದರಿಂದ ಅದೇ ಗಾಳಿ ತಿರುಗಿ ಕಡಲಿಗೆ ಹೋಗುತ್ತದೆ. ಉಬ್ಬರದ ನೀರೂ ಕಡಲಗಾಳಿಯೂ ಕೂಡಿದ ಹೊತ್ತಿನಲ್ಲಿ ಮೇಲಕ್ಕೆ, ಇಳಿತವೂ ನೆಲಗಾಳಿಯೂ ಕೂಡಿದ ಹೊತ್ತಿನಲ್ಲಿ ಕೆಳಕ್ಕೆ. ಭೂಗೋಳದ ಪುಸ್ತಕದಲ್ಲಿ ನಾವು ಬಾಯಿಪಾಠ ಮಾಡಿದ ಸಂಗತಿಯಿಂದ ಒಂದು ಕುಟುಂಬವು ಅನ್ನ ಸಂಪಾದಿಸುತ್ತಿತ್ತೆಂಬುದು ನಮಗೆ ತಿಳಿದದ್ದು ನಲವತ್ತು ದಾಟಿದ ಮೇಲೆ.

ಲಾರಿಗಳು ಬಂದವು, ಯಂತ್ರದ ದೋಣಿಗಳು ಬಂದವು. ನಮ್ಮ ದೋಣಿ ತೆಂಗಿನ ಗರಿಯ ಮಾಡಿನ ಕೆಳಗೆ ಬೋರಲಾಗಿ ಮಲಗಿತು. ಮಕ್ಕಳು ಅದನ್ನು ಕಂಡು ಹಟ ಹಿಡಿದರು. ಮಾವನವರು ಬೇಡವೆನ್ನಲಿಲ್ಲ, ಬೇಕೆಂದೂ ಹೇಳಲಿಲ್ಲ. ಅವರ ಕಣ್ಣು ಆಗಲೇ ಮಂಜಾಗುತ್ತಿತ್ತು.

ಹತ್ತಿರದ ಊರಿನ ವೃದ್ಧ ಆಚಾರಿಯೊಬ್ಬರು ಬಂದು ಉಳಿಯ ತುದಿಯಿಂದ ಹಲಗೆಗಳನ್ನು ಚುಚ್ಚಿ ನೋಡಿದರು. ಕಬ್ಬಿಣದ ಮೊಳೆಗಳು ತುಕ್ಕು ಹಿಡಿದು ಸುತ್ತಲಿನ ಮರವನ್ನು ಕಪ್ಪಾಗಿಸಿ ತಿಂದಿದ್ದವು. ಬಲಭಾಗದ ಹಲಗೆಗಳಲ್ಲಿ ಬಹಳಷ್ಟು ಹೋಗಿದ್ದವು, ಎಡಭಾಗ ಗಟ್ಟಿಯಾಗಿತ್ತು. ಅವರು ವಿಧಿಸಿದ ನಿಯಮ ಒಂದೇ: ಒಂದು ಹಲಗೆ ತೆಗೆದರೆ ಅದರ ಜಾಗದಲ್ಲಿ ಹೊಸದು ಕೂತ ಮೇಲೆಯೇ ಇನ್ನೊಂದನ್ನು ಮುಟ್ಟುವುದು.

ಇಲ್ಲಿ ನಮ್ಮ ವಿದ್ಯಾಭ್ಯಾಸ ಅಡ್ಡ ಬಂತು. ದಸರೆಯ ರಜೆ ಮುಗಿಯುತ್ತ ಬಂದಿತ್ತು. ಆಚಾರಿಗಳು ಮದುವೆಯೊಂದಕ್ಕೆ ಹೋಗಿದ್ದರು. ಕೆಲಸ ತ್ವರಿತವಾಗಲೆಂದು ನಾವೂ ಮಕ್ಕಳೂ ಸೇರಿ, ಒಂದೇ ಮಧ್ಯಾಹ್ನದಲ್ಲಿ, ಬಲಗಡೆಯ ನಾಲ್ಕು ಹಲಗೆಗಳನ್ನು ಕಿತ್ತೆವು. ಬಹಳ ಚೆನ್ನಾಗಿ ಕಿತ್ತೆವು, ಒಂದೂ ಸೀಳಲಿಲ್ಲ. ಮರುದಿನ ಬೆಳಗ್ಗೆ ನೋಡಿದರೆ ಪಕ್ಕೆಲುಬಿನ ಮರಗಳು ಹೊರಕ್ಕೆ ಬಿಚ್ಚಿಕೊಂಡು, ದೋಣಿಯ ಅಂಚು ಬಿಗಿ ತಪ್ಪಿದ ಬುಟ್ಟಿಯಂತೆ ಸೊಟ್ಟಗಾಗಿತ್ತು.

ಆಚಾರಿಗಳು ಬಂದು ನೋಡಿ, ಬೈಯದೆ, ಹತ್ತಿರದ ಕಲ್ಲಿನ ಮೇಲೆ ಕುಳಿತರು. ಇದಕ್ಕೆ ನಕ್ಷೆಯೇನಾದರೂ ಇದೆಯೇ ಎಂದು ನಾವು ಕೇಳಿದೆವು. "ಇತ್ತು. ನಿನ್ನೆ ಬಿಚ್ಚಿದಿರಲ್ಲ, ಅದೇ" ಎಂದರು.

ಆ ಬಳಿಕ ಒಂದು ವರ್ಷ ಯಾರೂ ದೋಣಿಯ ಮಾತೆತ್ತಲಿಲ್ಲ. ಬಚ್ಚಲ ಒಲೆಗೆ ಹೆಬ್ಬಲಸು ಚೆನ್ನಾಗಿ ಉರಿಯುತ್ತದೆಂದು ಅತ್ತೆಯವರು ಒಮ್ಮೆ ಹೇಳಿದ್ದನ್ನು ಮಾತ್ರ ಬಲ್ಲೆವು. ಮಾವನವರು ಪ್ರತಿ ಸಂಜೆ ಕೋಲೂರಿಕೊಂಡು ಹೋಗಿ, ಗಟ್ಟಿಯಾಗಿದ್ದ ಎಡಮಗ್ಗುಲಿನ ಮೇಲೆ ಕೈಯಾಡಿಸಿ ಬರುತ್ತಿದ್ದರೆಂದು ಆಮೇಲೆ ತಿಳಿಯಿತು.

ಮುಂದಿನ ರಜೆಗೆ ಹೋದಾಗ ಅವರೇ ಅಡಕೆಯ ದಬ್ಬೆಗಳನ್ನು ತೆಳ್ಳಗೆ ಸೀಳಿಸಿಟ್ಟಿದ್ದರು. ಎಡಮಗ್ಗುಲಿನ ಬಾಗನ್ನು ದಬ್ಬೆಯಿಂದ ಅಡಿಗೊಂದರಂತೆ ಹಿಡಿದು, ಅದನ್ನು ಹಲಗೆಯ ಮೇಲೆ ಬರೆದು ಕೊಯ್ದು, ಆ ಅಚ್ಚುಗಳನ್ನು ತಿರುಗಿಸಿ ಬಲಗಡೆಗೆ ಇಡಬೇಕು. ಪಕ್ಕೆಗಳನ್ನು ಹಗ್ಗದಿಂದ ಬಿಗಿದು ದಿನಕ್ಕೆ ಸ್ವಲ್ಪ ಸ್ವಲ್ಪವಾಗಿ ಅಚ್ಚಿಗೆ ಎಳೆಯಬೇಕು. ಆಚಾರಿಗಳು ಒಪ್ಪಿದರು. ಆದರೆ ಮಾವನವರು ಇನ್ನೊಂದು ಮಾತು ಸೇರಿಸಿದರು: ಎರಡು ಮಗ್ಗುಲೂ ಒಂದೇ ಸಮನಾಗಿರಲಿಲ್ಲ, ಬಲಗಡೆ ನಡುವಿನಲ್ಲಿ ಒಂದು ಬೆರಳು ಹೆಚ್ಚು ಉಬ್ಬಿತ್ತು. ಇದನ್ನು ಪರೀಕ್ಷಿಸಲು ಯಾವ ಸಾಧನವೂ ಉಳಿದಿರಲಿಲ್ಲ. ಇದ್ದ ಸಾಧನವನ್ನು ನಾವೇ ಕಿತ್ತಿದ್ದೆವು. ಎಂಬತ್ತು ದಾಟಿದವರ ನೆನಪನ್ನು ನಂಬುವುದೋ, ಅಳತೆಯನ್ನು ನಂಬುವುದೋ? ಆಚಾರಿಗಳು ಏನೂ ಚರ್ಚಿಸದೆ ಅಚ್ಚಿನ ಮೇಲೆ ಒಂದು ಬೆರಳಿಟ್ಟು ಗೆರೆ ಎಳೆದರು.

ಉಳಿದದ್ದು ಬರಿಯ ದುಡಿಮೆ. ಹಲಗೆಗೆ ನೀರು ಚಿಮುಕಿಸುತ್ತ ಬೆಂಕಿಯ ಮೇಲೆ ಕಾಯಿಸಿ ಬಾಗಿಸಿದೆವು, ತಾಮ್ರದ ಮೊಳೆ ಹೊಡೆದೆವು, ಸಂದುಗಳಿಗೆ ಹತ್ತಿಯ ಎಳೆ ಬಡಿದು ಮೀನೆಣ್ಣೆ ಬಳಿದೆವು. ಮೀನೆಣ್ಣೆಯ ವಾಸನೆ ಮೈಸೂರಿನ ಮನೆಯವರೆಗೂ ನಮ್ಮೊಡನೆ ಪ್ರಯಾಣ ಮಾಡಿತು. ಯಂತ್ರವೊಂದನ್ನು ಕೂಡಿಸಿಬಿಡಿರೆಂದು ಸಲಹೆ ಕೊಟ್ಟ ಬಂಧುಗಳಿಗೇನೂ ಕಡಮೆಯಿರಲಿಲ್ಲ. ಹಾಯಿಯನ್ನು ಮಗಳು ಹೊಲಿದಳು.

ನೀರಿಗಿಳಿಸಿದೊಡನೆ ದೋಣಿ ಎಲ್ಲ ಸಂದುಗಳಿಂದಲೂ ಸೋರಿತು. ನಮಗೆ ಎದೆ ಒಡೆದಂತಾಯಿತು. ಆಚಾರಿಗಳು ಅದನ್ನು ದಡದ ತಿಳಿನೀರಿನಲ್ಲಿ ಬೇಕೆಂದೇ ಮುಳುಗಿಸಿದರು. ಒಣಗಿದ ಮರ ನೀರು ಕುಡಿದು ಉಬ್ಬಿ ಸಂದನ್ನು ತಾನೇ ಮುಚ್ಚಿಕೊಳ್ಳಬೇಕು. ಐದನೆಯ ದಿನ ನೀರನ್ನು ಮೊಗೆದು ಹೊರಚೆಲ್ಲಿದಾಗ ಒಳಗೆ ಬಂದದ್ದು ಒಂದು ಚೆಂಬಿನಷ್ಟು.

ಮಧ್ಯಾಹ್ನದ ಗಾಳಿಗೆ ಹಾಯಿ ತುಂಬಿತು. ಮಾವನವರು ಚುಕ್ಕಾಣಿಯ ಬಳಿ ಕುಳಿತಿದ್ದರು. ಮೇಲೆ ಕೊಂಕಣ ರೈಲಿನ ಸೇತುವೆ, ಎರಡು ಕಿಲೋಮೀಟರಿಗೂ ಉದ್ದವಾದದ್ದು. ಅದರ ಕೆಳಗೆ ಹೋಗುವಾಗ ದೋಣಿ ಸ್ವಲ್ಪ ಬಲಕ್ಕೆ ಎಳೆಯುತ್ತಿದೆಯೆಂದು ಮಗ ಕೂಗಿದ. ಅದು ನಾವು ಕಿತ್ತದ್ದರ ಫಲವೋ, ಸೇರಿಸಿದ ಬೆರಳಿನ ಫಲವೋ ಹೇಳಬಲ್ಲವರು ಯಾರೂ ಇರಲಿಲ್ಲ. ಮಾವನವರು ಚುಕ್ಕಾಣಿಯನ್ನು ಒಂದಿಷ್ಟು ಎಡಕ್ಕೆ ಒತ್ತಿ ಹಿಡಿದು, "ಅದು ಮೊದಲಿನಿಂದಲೂ ಹಾಗೆಯೇ" ಎಂದರು.